ಗುರ್ ಎನ್ನದ ನಾಯಿ

ಬಿಸಿ ಹಿಟ್ಟಿನ ವಾಸನೆ ಬಂದರೆ ನಾನು ಈಗಲೂ ದಾರಿಯಲ್ಲಿ ನಿಂತುಬಿಡುತ್ತೇನೆ. ಗಿರಣಿಯ ಬಾಯಿಂದ ಆಗಷ್ಟೇ ಇಳಿದ ಜೋಳದ ಹಿಟ್ಟು, ಅದರ ಜೊತೆಗೆ ಕಾದ ರಬ್ಬರ್ ಬೆಲ್ಟಿನ ಕಮಟು, ಪಕ್ಕದ ಯಂತ್ರದ ಖಾರದಪುಡಿಯ ಸಣ್ಣ ಘಾಟು. ನೆನಪುಗಳ ವಿಷಯದಲ್ಲಿ ನಾನು ಅನುಮಾನದವಳು. ಕಳೆದುಹೋದದ್ದೆಲ್ಲ ಚೆನ್ನಾಗಿತ್ತು ಎನ್ನುವವರನ್ನು ಕಂಡರೆ ಆಧಾರವೇನು ಎಂದು ಕೇಳುವ ಚಾಳಿ ಶಾಲೆಯ ಚರ್ಚಾಸ್ಪರ್ಧೆಗಳಿಂದ ಅಂಟಿದ್ದು, ಇನ್ನೂ ಬಿಟ್ಟಿಲ್ಲ. ನ್ಯಾಮತಿಯ ನಮ್ಮ ಗಿರಣಿ ಮನೆ ಅಂಥ ಚೆಂದದ್ದೇನೂ ಆಗಿರಲಿಲ್ಲ. ಮುಂದೆ ಗಿರಣಿ, ಹಿಂದೆ ಎರಡು ಕೋಣೆ, ಆಮೇಲೊಂದು ಸಣ್ಣ ಹಿತ್ತಲು. ದೇವರ ಪಟದ ಮೇಲೂ ಅಮ್ಮನ ರೆಪ್ಪೆಯ ಮೇಲೂ ನನ್ನ ಪುಸ್ತಕಗಳ ಮೇಲೂ ಒಂದೇ ಬಿಳಿ ಧೂಳು. ಮೋಟಾರು ಓಡುತ್ತಿರುವಾಗ ಮಾತಾಡಿದರೆ ಕೇಳುತ್ತಿರಲಿಲ್ಲ, ಕೂಗಬೇಕಿತ್ತು. ನನ್ನ ಗಂಟಲು ಬೆಳೆದದ್ದು ಹಾಗೆ. ರಸ್ತೆ ಅಗಲ ಮಾಡಿದಾಗ ಗಿರಣಿ ಹೋಯಿತು, ಉಳಿದ ಕೋಣೆಗಳನ್ನು ಬಿಟ್ಟು ನಾವೂ ಹೋದೆವು. ನೀವೂ ಇಂಥದೊಂದು ಮನೆಯನ್ನು ಕಳೆದುಕೊಂಡವರಾದರೆ ನಿಮಗೆ ಗೊತ್ತಿರುತ್ತದೆ: ದುಃಖಕ್ಕಿಂತ ಹೆಚ್ಚಾಗಿ ದಣಿವಾಗುತ್ತದೆ. ಅಲ್ಲಿ ಆಡಿದ ಮಾತುಗಳನ್ನು ಹಿಂದಕ್ಕೆ ತೆಗೆದುಕೊಳ್ಳಲು ಈಗ ಅಲ್ಲಿ ಯಾರೂ ಇಲ್ಲ.

ಈರಣ್ಣ ಮಾವ ಅಮ್ಮನ ತಮ್ಮ. ಜಗಳೂರು ಕಡೆಯ ಹಳ್ಳಿಯಲ್ಲಿ ಕುರಿ ಹಿಂಡಿನ ಜೊತೆ ಬೆಳೆದವನು, ಅಪ್ಪನಿಗೆ ಕೈಯಾಸರೆಯಾಗಿ ಗಿರಣಿಗೆ ಬಂದು ನಮ್ಮಲ್ಲೇ ಉಳಿದಿದ್ದ. ಅವನದು ನಿಧಾನದ ಮಾತು. ಇವನು ಒಂದು ಮಾತು ಮುಗಿಸುವಷ್ಟರಲ್ಲಿ ಒಂದು ಡಬ್ಬಿ ರಾಗಿ ಬೀಸಬಹುದು ಎಂದು ಅಪ್ಪ ಹಾಸ್ಯ ಮಾಡುತ್ತಿದ್ದ. ಚೆನ್ನಿಯನ್ನು ತಂದವನು ಮಾವನೇ. ಸವಳಂಗದ ಬಸ್ ಸ್ಟ್ಯಾಂಡಿನ ಹಿಂದೆ ಸಿಕ್ಕಿದ್ದಳಂತೆ, ಕುತ್ತಿಗೆಯಲ್ಲಿ ತುಂಡು ಹಗ್ಗ, ಬೆನ್ನ ಮೇಲೆ ಯಾರೋ ಬಿಸಿನೀರು ಎರಚಿದ ಗುರುತು. ಕಂದು ಬಣ್ಣದ, ಸೊರಗಿದ ಹೆಣ್ಣುನಾಯಿ. ಬೇರೆ ಹೊತ್ತಿನಲ್ಲಿ ಯಾರ ತಂಟೆಗೂ ಹೋಗದ ಅವಳು ಗಿರಣಿ ಬಾಗಿಲ ಪಕ್ಕ ತಟ್ಟೆಗೆ ಬಾಯಿ ಹಾಕಿದಾಗ ಮಾತ್ರ, ಯಾರಾದರೂ ಹತ್ತಿರ ಬಂದರೆ, ತಲೆಯೆತ್ತದೆ ಗುರ್ ಎನ್ನುತ್ತಿದ್ದಳು. ಎದುರು ಮನೆಯ ಶಾಂತಕ್ಕ ಅದಕ್ಕೆ ಹೊಂದಿಕೊಂಡಿದ್ದಳು. ತಲೆ ಮೇಲಿನ ಗೋಧಿ ಡಬ್ಬಿ ಅಲುಗಿಸದೆ, “ನಿನ್ನ ರೊಟ್ಟಿ ನನಗ್ಯಾಕೆ ತಾಯಿ, ನೀನೇ ಉಣ್ಣು,” ಎಂದು ಸುತ್ತಿಬಳಸಿ ಒಳಗೆ ಬರುತ್ತಿದ್ದಳು. ಉಳಿದ ಗಿರಾಕಿಗಳಿಗೆ ಅಷ್ಟು ತಾಳ್ಮೆ ಇರಲಿಲ್ಲ.

ಮಾವ ಒಂದು ಉಪಾಯ ಹಿಡಿದಿದ್ದ. ಚೆನ್ನಿ ಉಣ್ಣುವಾಗ ಹತ್ತು ಹೆಜ್ಜೆ ದೂರದಲ್ಲಿ ಹಾದುಹೋಗುತ್ತ ಅವಳ ತಟ್ಟೆಯ ಕಡೆಗೆ ಒಂದು ಚೂರು ಬೆಲ್ಲ ಸವರಿದ ರೊಟ್ಟಿ ಎಸೆಯುವುದು, ನಿಲ್ಲದೆ ಮುಂದೆ ಹೋಗುವುದು. ಅವಳು ಗುರ್ ಎನ್ನದ ದೂರದಿಂದಲೇ ಸುರು. ನಾಲ್ಕು ದಿನಕ್ಕೊಮ್ಮೆ ಒಂದು ಗೇಣು ಹತ್ತಿರ. ಗುರ್ ಎಂದರೆ ಮಾರನೇ ದಿನ ಮತ್ತೆ ಹಿಂದಕ್ಕೆ. “ಇಷ್ಟು ದಿನ ಕಾಲು ಬಂದ್ರೆ ಅನ್ನ ಹೋಗ್ತಿತ್ತು ಅದಕ್ಕೆ. ಕಾಲು ಬಂದ್ರೆ ಅನ್ನ ಬರ್ತೈತೆ ಅಂತ ಅದಕ್ಕೇ ಗೊತ್ತಾಗ್ಬೇಕು,” ಎನ್ನುತ್ತಿದ್ದ. ಎರಡು ತಿಂಗಳಲ್ಲಿ ಐದು ಹೆಜ್ಜೆಗೆ ಬಂದಿದ್ದ. ಬೀಸುವ ಕೆಲಸ ಬಿಟ್ಟು ನಾಯಿಯ ಸುತ್ತ ಪ್ರದಕ್ಷಿಣೆ ಹಾಕುತ್ತಾನೆ ಎಂದು ಅಪ್ಪನಿಗೆ ಸಿಟ್ಟು.

ಆಗ ನಾನು ಒಂಬತ್ತನೇ ಕ್ಲಾಸು, ತಾಲ್ಲೂಕು ಮಟ್ಟದ ಚರ್ಚಾಸ್ಪರ್ಧೆಯಲ್ಲಿ ಮೊದಲ ಬಹುಮಾನ ಗೆದ್ದು ಬಂದವಳು. ಒಂದು ಮಧ್ಯಾಹ್ನ ಕರೆಂಟ್ ಹೋಯಿತು. ಗಿರಣಿಯಲ್ಲಿ ಕರೆಂಟ್ ಹೋದರೆ ಅದೊಂದು ಸಭೆ. ಅರ್ಧ ಬೀಸಿದ ಹಿಟ್ಟು ಬಿಟ್ಟು ಯಾರೂ ಏಳುವಂತಿಲ್ಲ, ಎಲ್ಲರೂ ಡಬ್ಬಿಗಳ ಮೇಲೆ ಕೂತು ಊರಿನ ವಿಷಯವೆಲ್ಲ ತೀರ್ಮಾನ ಮಾಡುತ್ತಾರೆ. ಅವತ್ತು ಚೆನ್ನಿಯ ಮಾತು ಬಂತು. “ನಾಯಿ ಗುರ್ ಅಂದ್ರೆ ಹೊಡೀಬೇಕೋ ಬ್ಯಾಡ್ವೋ, ನಮ್ಮ ಹುಡುಗಿನೇ ಹೇಳ್ಲಿ,” ಎಂದ ಅಪ್ಪ, ಹಿಟ್ಟಿನ ಮೂಟೆಯ ಮೇಲೆ ಅಧ್ಯಕ್ಷರ ಹಾಗೆ ಕೂತು. ಮಾವ, “ಗುರ್ ಅನ್ನೋದು ಅದ್ರ ಮಾತು ಭಾವ. ಸಾಕು, ಹಿಂದಕ್ಕೆ ಸರೀರಿ ಅಂತ ಹೇಳ್ತಾ ಐತೆ. ಹೇಳೋದಕ್ಕೆ ಹೊಡೆದ್ರೆ...” ಎಂದು ಮುಂದಿನ ಮಾತು ಹುಡುಕತೊಡಗಿದ. ಆ ಖಾಲಿ ಜಾಗದಲ್ಲಿ ನಾನು ಎದ್ದು ನಿಂತೆ.

“ಮಾನ್ಯ ಅಧ್ಯಕ್ಷರೇ, ಇವತ್ತು ಗುರ್ ಅನ್ನೋದನ್ನ ಸಹಿಸಿಕೊಂಡರೆ ನಾಳೆ ಕಚ್ಚೋದನ್ನೂ ಸಹಿಸಿಕೊಳ್ಳಬೇಕಾಗುತ್ತದೆ. ಮಗು ಕೆಟ್ಟ ಮಾತಾಡಿದರೆ ತಿದ್ದುವುದಿಲ್ಲವೇ? ಎರಡು ತಿಂಗಳಿಗೆ ಐದು ಹೆಜ್ಜೆ ಅಂದರೆ ಉಳಿದ ಐದು ಹೆಜ್ಜೆಗೆ ನಮ್ಮ ಗಿರಾಕಿಗಳು ಕಾಯುತ್ತಾರೆಯೇ?” ಡಬ್ಬಿಗಳ ಮೇಲಿದ್ದವರು ನಕ್ಕರು, ಯಾರೋ ಚಪ್ಪಾಳೆ ತಟ್ಟಿದರು. “ಇವಳ ಬಾಯಿಗೆ ಸಿಗಬ್ಯಾಡ ಕಣೋ ಈರ,” ಎಂದಳು ಅಮ್ಮ ಒಳಗಿಂದ. ಮಾವನೂ ನಕ್ಕ. ಉತ್ತರ ಅವನ ಹತ್ತಿರ ಇತ್ತೆಂದು ಈಗ ಗೊತ್ತು. ಆಗ ನನಗೆ ಗೊತ್ತಿದ್ದದ್ದು, ಉತ್ತರ ತಡವಾಗಿ ಬಂದರೆ ಅಂಕ ಇಲ್ಲ ಎನ್ನುವುದಷ್ಟೇ.

ಅಪ್ಪ ಹಳೇ ಬೆಲ್ಟಿನ ಒಂದು ತುಂಡನ್ನು ಬಾಗಿಲ ಮೊಳೆಗೆ ನೇತುಹಾಕಿದ. ಚೆನ್ನಿ ಗುರ್ ಎಂದಾಗಲೆಲ್ಲ ಒಂದು ಏಟು. ಮಾವ ಎರಡು ಸಲ ಅದನ್ನು ತೆಗೆದು ಬಚ್ಚಿಟ್ಟ. ಎರಡು ಸಲವೂ ಹುಡುಕಿ ಕೊಟ್ಟವಳು ನಾನು. ಎಂಟೇ ದಿನ. ಗುರ್ ನಿಂತಿತು. ಉಣ್ಣುವಾಗ ಯಾರು ಹಾದುಹೋದರೂ ಅವಳು ಸದ್ದಿಲ್ಲದೆ, ಮೈ ಬಿಗಿಹಿಡಿದು, ಕಣ್ಣಂಚಿನಲ್ಲಿ ನೋಡುತ್ತಿದ್ದಳು. ನಾನು ನೋಡಿದ್ದು ಸದ್ದಿಲ್ಲದಿರುವುದನ್ನು ಮಾತ್ರ. “ನೋಡು ಮಾವ, ಎಂಟು ದಿನ,” ಎಂದೆ. “ನಾಯಿ ಹಂಗೇ ಐತವ್ವ, ಬಾಯಿ ಮುಚ್ಚೈತೆ ಅಷ್ಟೆ,” ಎಂದ ಮಾವ. ಸೋತವರು ಹೀಗೇ ಹೇಳುತ್ತಾರೆ ಎಂದುಕೊಂಡೆ.

ಕಚ್ಚಿದ್ದು ಶಾಂತಕ್ಕನಿಗೆ. ಡಬ್ಬಿ ಇಳಿಸಲು ಬಾಗಿಲಲ್ಲಿ ಬಗ್ಗಿದಳು. ಚೆನ್ನಿಯ ತಟ್ಟೆ ಕಾಲ ಬಳಿಯೇ ಇದ್ದದ್ದನ್ನು ಕಂಡಿರಲಿಲ್ಲ. ಒಂದು ಸದ್ದೂ ಇಲ್ಲದೆ ಹಲ್ಲು ಮೀನಖಂಡಕ್ಕೆ ಇಳಿಯಿತು. ಗೋಧಿ ಗಿರಣಿ ತುಂಬ ಚೆಲ್ಲಿತು. ಸುಣ್ಣ ಹಚ್ಚಿ, ಖಾರ ಹಚ್ಚಿ ಎಂದವರನ್ನೆಲ್ಲ ಮಾವ ಆಚೆ ಸರಿಸಿ, ಶಾಂತಕ್ಕನ ಕಾಲನ್ನು ನಲ್ಲಿಯ ಕೆಳಗೆ ಹಿಡಿದು ಸೋಪು ಹಾಕಿ ಬಹಳ ಹೊತ್ತು ತೊಳೆದ, ಆಮೇಲೆ ಇಂಜೆಕ್ಷನ್‌ಗೆ ಆಸ್ಪತ್ರೆಗೆ ಕರೆದೊಯ್ದ. ಅಳುತ್ತಿದ್ದ ಶಾಂತಕ್ಕ ನಾಯಿಯನ್ನು ಬಯ್ಯಲೇ ಇಲ್ಲ. “ಗುರ್ ಅನ್ಲೇ ಇಲ್ಲಲ್ರೋ. ಅಂದಿದ್ರೆ ಸರೀತಿದ್ನಲ್ಲ ನಾನು,” ಎಂದು ಅದನ್ನೇ ಹೇಳುತ್ತಿದ್ದಳು. ನನ್ನ ವಾದಕ್ಕೆ ಅದಕ್ಕಿಂತ ನೇರವಾದ ಉತ್ತರವನ್ನು ಯಾವ ಸ್ಪರ್ಧೆಯಲ್ಲೂ ಯಾರೂ ಕೊಟ್ಟಿಲ್ಲ.

ಕಚ್ಚಿದ ನಾಯಿ ಇದ್ದ ಕಡೆ ಹಿಟ್ಟು ಮಾಡಿಸಾಕೆ ಬರಲ್ಲ ಎಂದರು ಗಿರಾಕಿಗಳು. ಹೊಡೆದು ಹಾಕಿ ಎಂದವರೂ ಇದ್ದರು. ಹತ್ತು ದಿನ ಕಟ್ಟಿ ಗಮನಿಸಿ ಎಂದು ಡಾಕ್ಟರು ಹೇಳಿದ್ದರಿಂದ ಅಪ್ಪ ಸುಮ್ಮನಿದ್ದ. ಆ ಹತ್ತು ದಿನವೂ ಮಾವ ಊಟಕ್ಕೆ ಕೂತದ್ದು ಹಿತ್ತಲಲ್ಲಿ, ಚೆನ್ನಿಯಿಂದ ಹತ್ತು ಹೆಜ್ಜೆ ದೂರದಲ್ಲಿ, ಅವಳ ಕಡೆ ಬೆನ್ನು ಹಾಕಿ. ಅವಳಿಗೆ ರೋಗವೇನೂ ಇರಲಿಲ್ಲ. ಹನ್ನೊಂದನೇ ದಿನ ಅಪ್ಪ, “ಅದನ್ನ ಎಲ್ಲಾದ್ರೂ ಬಿಟ್ಟು ಬಾ,” ಎಂದ. “ಬಿಡಾಕೆ ಅಲ್ಲ ಭಾವ, ಕರ್ಕಂಡು ಹೋಗ್ತೀನಿ,” ಎಂದ ಮಾವ, ಮೆಕ್ಕೆಜೋಳದ ಲಾರಿಯೊಂದರ ಹಿಂದೆ ಚೆನ್ನಿಯ ಜೊತೆ ಕೂತು ಜಗಳೂರಿಗೆ ಹೋದ. ಬಾಗಿಲಲ್ಲಿ ನಿಂತಿದ್ದ ನನಗೆ ಅವನು ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ಎದುರಾಡುತ್ತಿದ್ದೆನೇನೋ. ಮಾವ ತಿರುಗಿ ಬರಲಿಲ್ಲ. ಆಮೇಲೆ ಗಿರಣಿಯಲ್ಲಿ ಕರೆಂಟ್ ಹೋದಾಗ ಅಪ್ಪ ನನ್ನನ್ನು ಮಾತಿಗೆ ಎಬ್ಬಿಸಲೂ ಇಲ್ಲ. ಮೋಟಾರಿನ ಸದ್ದು ನಿಂತ ಮನೆ ಎಷ್ಟು ಸಣ್ಣದು ಎಂದು ಆ ದಿನಗಳಲ್ಲಿ ತಿಳಿಯಿತು.

ಚೆನ್ನಿ ಕುರಿ ಹಟ್ಟಿಯಲ್ಲಿ ಮುದುಕಿಯಾಗಿ ಸತ್ತಳು. ಮಾವನೂ ಹೋಗಿ ಎರಡು ಬೇಸಿಗೆ ಕಳೆದವು. ಉಳಿದಿರುವುದು, ನಾನು ಹೊನ್ನಾಳಿಯ ಹಾಸ್ಟೆಲಿನಲ್ಲಿ ಪಿಯುಸಿ ಓದುತ್ತಿದ್ದಾಗ ಬಂದ ಒಂದು ಫೋನು. ಮಾವ ಫೋನು ಮಾಡುವವನಲ್ಲ. ಯಾರಿಗೋ ಏನೋ ಆಗಿದೆ ಎಂದು ಹೆದರಿ ಎತ್ತಿದೆ.

“ಅವ್ವಾ, ಚೆನ್ನಿ ಇವತ್ತು ಗುರ್ ಅಂದ್ಲು.”

“ಯಾರಿಗೆ ಮಾವ?”

“ನನಗೇ ಕಣವ್ವ. ತಟ್ಟೆ ಹತ್ರ ಹೋಗಿದ್ದೆ. ಏನ್ ಚೆಂದಾಗಿ ಅಂದ್ಲು ಅಂತೀ.”

“ನೀನೇನು ಮಾಡಿದೆ?”

“ಏನ್ ಮಾಡಾಕೈತೆ? ಹಿಂದಕ್ಕೆ ಸರಿದೆ.”

ಅವನು ಸುಮ್ಮನಾದ. ಯಾವತ್ತಿನಂತೆ ಮುಂದಿನ ಮಾತು ಹುಡುಕುತ್ತಿದ್ದಾನೆ ಎಂದುಕೊಂಡೆ. ಅಲ್ಲ, ನನ್ನ ಮಾತಿಗೆ ಕಾಯುತ್ತಿದ್ದ. ಹೇಳಬೇಕಾದದ್ದು ಸಣ್ಣದು, ನಾಲಿಗೆಯ ತುದಿಯವರೆಗೂ ಬಂದಿತ್ತು. ಊಟ ಆಯ್ತಾ ಮಾವ, ಎಂದೆ. ಆಯ್ತವ್ವ, ನಿಂದು, ಎಂದ. ನನ್ನದೂ ಆಗಿದೆ ಎಂದು ಹೇಳಿ ಫೋನಿಟ್ಟೆ.