ತಲೆಬರಹದ ಮೊದಲ ಸಾಲು

ಕಳೆದ ಸೋಮವಾರ, ಬೆಳಿಗ್ಗೆ ಒಂಬತ್ತೂವರೆ. ಪರೇಲ್‌ನಲ್ಲಿ ರೋಗಿಗಳಿಗೆ ಊಟ ಕಳಿಸುವ ನಮ್ಮ ಅಡುಗೆಮನೆಯಲ್ಲಿ ನಾನು ಮತ್ತು ಕಂಪ್ಯೂಟರ್ ಕಲಿತ ಧಾರಾವಿಯ ರುಬೀನಾ ಇದ್ದೆವು. ಹೊಸ ಕಂಪ್ಯೂಟರಿನ ಮೊದಲ ಪಟ್ಟಿಯಲ್ಲಿ ಸಕ್ಕರೆ ಕಾಯಿಲೆಯ ಶೆಟ್ಟರಿಗೆ ‘ಉಪ್ಪಿಲ್ಲದ ಊಟ’ ಬಂದಿತ್ತು. ಉಪ್ಪು ಮುಟ್ಟಬಾರದ ಕಮಲಮ್ಮನಿಗೆ ‘ಸಾದಾ ಊಟ’. ಪಟ್ಟಿ ತಯಾರಿಸುವ ಸ್ಕ್ರಿಪ್ಟಿನಲ್ಲಿ, ಅಂದರೆ ಆದೇಶಗಳ ಕಡತದಲ್ಲಿ, ಒಂದಕ್ಷರವೂ ಬದಲಾಗಿರಲಿಲ್ಲ. ನೋಟ್‌ಬುಕ್ಕಿನಲ್ಲಿ ಬರೆದಿಟ್ಟ ‘ಸೋರ್ಸ್’ ಆದೇಶವನ್ನೇ ಎಂದಿನಂತೆ ಕೊಟ್ಟಿದ್ದೆ.

“ನಿಮ್ಮ ನೋಟ್‌ಬುಕ್ ಹಳೇ ಕಂಪ್ಯೂಟರಿಂದು, ಕಾಕಾ,” ಎಂದಳು ರುಬೀನಾ. “ಸೋರ್ಸ್ ಅಂದ್ರ ಎದುರಿಗಿರೋ ಶೆಲ್ಲೇ, ನಾವು ಟೈಪ್ ಮಾಡಿದ್ದನ್ನ ನಡಸೋ ಪ್ರೋಗ್ರಾಮೇ, ಸ್ಕ್ರಿಪ್ಟ್ ಓದತೈತಿ. ಹಳೇದರ ಶೆಲ್ ಬ್ಯಾಶ್, ಪಥ್ಯಗಳನ್ನ ಸೊನ್ನೆಯಿಂದ ಎಣಸ್ತಿತ್ತು. ಇದರದು ಝೆಡ್‌ಶೆಲ್, ಒಂದರಿಂದ ಎಣಸ್ತೈತಿ; ಅದಕ್ಕ ಎಲ್ಲಾ ಪಥ್ಯ ಒಂದೊಂದು ಸ್ಥಾನ ಜರಗ್ಯಾವ. ಸೋರ್ಸ್ ಬಿಟ್ಟು ಸ್ಕ್ರಿಪ್ಟನ್ನ ಸೀದಾ ರನ್ ಮಾಡ್ರಿ. ಮೊದಲನೇ ಲೈನ್ ನೋಡಿ ಕಂಪ್ಯೂಟರೇ ಬ್ಯಾಶನ್ನ ಕರೀತೈತಿ.”

ಸ್ಕ್ರಿಪ್ಟನ್ನು ನೇರವಾಗಿ ಓಡಿಸಿದೆ. ಪ್ರತಿ ಪಥ್ಯವೂ ತನ್ನ ರೋಗಿಯ ಎದುರು ಬಂದು ನಿಂತಿತು. ಬೆರಗಿನಿಂದ ಎರಡು ಬಾರಿ ಓದಿದೆ.

ಕಾಗದದ ನೆತ್ತಿಯ ಶ್ರೀಕಾರದಂತೆ ಶೋಭೆಗಿದೆ ಎಂದುಕೊಂಡಿದ್ದ ಸ್ಕ್ರಿಪ್ಟಿನ ಆ ಮೊದಲ ಸಾಲು, ತನ್ನನ್ನು ಯಾರು ಓದಬೇಕೆಂದು ಇಷ್ಟು ವರ್ಷ ಹೇಳುತ್ತಲೇ ಇತ್ತು. ನೋಟ್‌ಬುಕ್ ಬಿಟ್ಟು ಕದಲದ ನನ್ನ ಶಿಸ್ತಿಗೆ ಅದು ಕೇಳಿಸಿರಲಿಲ್ಲ. ‘ಸೋರ್ಸ್’ ಪದವನ್ನು ನೋಟ್‌ಬುಕ್ಕಿನಲ್ಲಿ ಹೊಡೆದುಹಾಕಿ, ಅಂದಿನ ಕೊನೆಯ ಡಬ್ಬಿಗೆ ಚೀಟಿ ಅಂಟಿಸಿದೆ: ಕಮಲಮ್ಮ, ಉಪ್ಪಿಲ್ಲದ್ದು.