ಮಲ್ಲಯ್ಯನ ಗದ್ದೆಯ ಮೇಲೆ ರಾಮೇಶ್ವರಕ್ಕೆ

ಗೊಬ್ಬರದಂಗಡಿ ಗಂಗಾಧರಸ್ವಾಮಿಯ ಹೆಂಡತಿ ರುದ್ರಾಣಿಯ ವಿಷಯದಲ್ಲಿ ನಂಜನಗೂಡಿನ ಆ ಬೀದಿಯವರು ಆಡಿಕೊಳ್ಳದ ಮಾತಿಲ್ಲ. "ಗಾಡೀಲಿ ಗಂಡನ ಬೆನ್ನಿಂದೆ ಕೂರಾಕೆ ನಾಚ್ಕೆ ಕಣವ್ವ ಅವ್ಳಿಗೆ" ಎಂದರು ಮೊದಮೊದಲು. ಮಗಳು ರಮ್ಯ ಹುಟ್ಟಿದ ಮೇಲೆ ನಾಚಿಕೆಯ ಮಾತು ನಡೆಯಲಿಲ್ಲ. ಆಗ, "ಮೂಗು ಬಲೇ ಸೂಕ್ಷ್ಮ, ಪೆಟ್ರೋಲ್ ವಾಸ್ನೆ ಆಗಾಕಿಲ್ಲ" ಎಂದರು. ಎದುರು ಮನೆಯ ಸಣ್ಣತಾಯಮ್ಮನಂತೂ ಬೀದಿಗೆ ಹೊಸದಾಗಿ ಬಂದ ಸೊಸೆಯರಿಗೆಲ್ಲ ಇದನ್ನು ಹೇಳಿಯೇ ಮಿಕ್ಕ ಮಾತು ತೆಗೆಯುತ್ತಿದ್ದಳು: "ಅವ್ರಿಬ್ರೂ ಒಂದೇ ಮದ್ವೆಗೆ ಓಯ್ತರೆ. ಅವ್ನು ಎಜ್ಡೀಲಿ ಓಯ್ತನೆ, ಅವ್ಳು ಬಸ್ಸಲ್ಲಿ ಓಯ್ತಳೆ. ಎಲೆ ಮುಂದೆ ಕೂತಾಗ ಮಾತ್ರ ಗಂಡ ಎಂಡ್ತಿ."

ಮಾತೇನೋ ನಿಜವೇ. ಮನೆಯ ಮುಂದೆ ಕಪ್ಪಗೆ ಮಿರಮಿರ ಮಿಂಚುವ ಯೆಜ್ಡಿ ಮೋಟಾರ್ ಬೈಕು ನಿಂತಿರುತ್ತಿತ್ತು, ರುದ್ರಾಣಿ ಅದರ ಪಕ್ಕದಲ್ಲೇ ನೆರಿಗೆ ಎತ್ತಿಕೊಂಡು ದಾಟಿ, ತಾಂಡವಪುರದ ಅಂಗನವಾಡಿಗೆ ದಿನಾ ಬಸ್ಸಿಗೆ ಹೋಗುತ್ತಿದ್ದಳು. ಊರ ಮಕ್ಕಳ ಸಿಂಬಳ ಒರೆಸಿದಳು, ಉಚ್ಚೆ ಬಳಿದಳು, ಹೇನು ಹೆಕ್ಕಿದಳು, ಒಂದು ದಿನಕ್ಕೂ ಮೂಗು ಮುರಿದವಳಲ್ಲ. ಅಂಥವಳಿಗೆ ಹೇಸಿಗೆ ಅಂತ ಇದ್ದದ್ದು ಲೋಕದಲ್ಲಿ ಒಂದೇ ವಸ್ತುವಿನ ಮೇಲೆ. ಏಕೆ ಅಂತ ಬೀದಿಯವರು ಊಹಿಸಿದ್ದರೇ ಹೊರತು ಯಾರೂ ಕೇಳಿರಲಿಲ್ಲ. ಕೇಳಿದ್ದರೂ ಅವಳು ಹೇಳುವ ಹಾಗಿರಲಿಲ್ಲ.

ಸಂಗತಿ ಇಷ್ಟು. ರುದ್ರಾಣಿಯ ತೌರು ನರಸೀಪುರದ ಹತ್ತಿರದ ಸೋಸಲೆ. ಅಪ್ಪ ಮಲ್ಲಯ್ಯನಿಗೆ ಹೊಳೆದಂಡೆಯಲ್ಲಿ ಒಂದು ತುಂಡು ಗದ್ದೆ, ಮನೆ ಮಂದಿಯ ಅನ್ನವೆಲ್ಲ ಅದರಲ್ಲೇ. ಮದುವೆಯ ಹಿಂದಿನ ದಿನ ಸಂಜೆ, ಒಳಕೋಣೆಯಲ್ಲಿ ಹುಡುಗಿಗೆ ಅರಿಶಿನದೆಣ್ಣೆ ಹಚ್ಚುತ್ತಿದ್ದಾರೆ, ಕಿಟಕಿಯ ಆಚೆ ಕೊಟ್ಟಿಗೆಯ ಹತ್ತಿರ ಗಂಡಿನ ಕಡೆಯವರು ಗುಸುಗುಸು ಸೇರಿದ್ದಾರೆ. ಅದರಲ್ಲಿ ಒಂದು ಧ್ವನಿ ಎದ್ದಿತು: "ಎಜ್ಡಿ ಕೊಡ್ತೀವಿ ಅಂತ ಒಪ್ಕೊಳ್ಳದೆ ನಾನು ಚಪ್ಪರದೊಳಕ್ಕೆ ಕಾಲಿಡಾಕಿಲ್ಲ. ಆಗಾಕಿಲ್ವಾ, ಅವ್ಳನ್ನ ಬೇರೆ ಯಾರ್ಗಾದ್ರೂ ಕೊಟ್ಕಳಿ." ಆ ಧ್ವನಿ ಮಾವನದಲ್ಲ, ಬೀಗರದಲ್ಲ. ನಾಳೆ ತಾಳಿ ಕಟ್ಟುವವನದು. ರುದ್ರಾಣಿ ಕೆನ್ನೆಯ ಅರಿಶಿನದೊಂದಿಗೆ ಕೇಳಿಸಿಕೊಂಡಳು.

ಮಲ್ಲಯ್ಯ ಒಪ್ಪಿದ. ತಿಂಗಳು ತುಂಬುವುದರೊಳಗೆ ಗದ್ದೆ ಊರ ಸಾಹುಕಾರನದಾಯಿತು, ನಂಜನಗೂಡಿನ ಮನೆ ಮುಂದೆ ಚೆಂಡುಹೂವಿನ ಹಾರ ಹಾಕಿಕೊಂಡ ಯೆಜ್ಡಿ ಬಂದು ನಿಂತಿತು. ಗಂಗಾಧರಸ್ವಾಮಿ ಬೀದಿಯಲ್ಲಿ ಎರಡು ಸುತ್ತು ಹೊಡೆದು, "ಬಾ, ಕೂತ್ಕೊ" ಅಂದ. ಎರಡು ಸೈಲೆನ್ಸರಿನ ನೀಲಿ ಹೊಗೆ ಮುಖಕ್ಕೆ ರಾಚಿದ್ದೇ ತಡ, ರುದ್ರಾಣಿ ಮೋರಿಯ ಮೇಲೆ ಬಗ್ಗಿ ವಾಂತಿ ಮಾಡಿಕೊಂಡಳು. "ತಿಂಗ್ಳಿಗೇ ಒಳ್ಳೆ ಸುದ್ದಿ ಕಣವ್ವ" ಅಂತ ಬೀದಿಯವರು ನಕ್ಕರು.

ಮಲ್ಲಯ್ಯ ಮಗಳಿಗೆ ಒಂದೇ ಮಾತು ಹೇಳಿದ್ದ. "ಕೇಳುದ್ರು ಅಂತ ಯಾರ್ಗೂ ಏಳ್ಬೇಡ ಕೂಸು. ನಾವಾಗೇ ಕೊಟ್ಟೋ ಅನ್ನು. ಅಳಿಯನ ಮಾನ ಓದ್ರೆ ನಿಂದೂ ಓಯ್ತದೆ." ಆ ಕಡೆಯ ಜನಕ್ಕೆ ಇದೊಂದು ರೂಢಿ. ಮಗಳ ಸಂಸಾರದ ಹುಳುಕನ್ನು ತೌರಿನವರೇ ಸಾರಿಸಿ ರಂಗೋಲಿ ಇಡಬೇಕು. ಹಾಗೆಯೇ ಇಟ್ಟರು. ಆಗಿನ್ನೂ ಚಡ್ಡಿ ಹಾಕುತ್ತಿದ್ದ ತಮ್ಮ ಶಿವಸ್ವಾಮಿಗೂ ಅಪ್ಪ ಅವ್ವ ಅದನ್ನೇ ಹೇಳಿದರು: ಭಾವನಿಗೆ ಇಷ್ಟ ಅಂತ ಕೊಟ್ಟೆವು. ಮಲ್ಲಯ್ಯ ಸಾಯುವ ತನಕ ತನ್ನದೇ ಗದ್ದೆಯಲ್ಲಿ ಕೂಲಿಗೆ ನೀರು ಕಟ್ಟಿದ.

ಹೀಗೆ ನಲವತ್ತು ವರ್ಷಕ್ಕೆ ಹತ್ತಿರ ನಡೆಯಿತು. ಗಂಗಾಧರಸ್ವಾಮಿ ಒಳ್ಳೆಯವನಲ್ಲ ಅಂತ ಯಾರೂ ಹೇಳುವಂತಿಲ್ಲ. ಕುಡಿಯಲಿಲ್ಲ, ಹೊಡೆಯಲಿಲ್ಲ, ಮಗಳನ್ನು ಓದಿಸಿ ಕೊಳ್ಳೇಗಾಲಕ್ಕೆ ಕೊಟ್ಟ. ಬೆಳಿಗ್ಗೆ ಎದ್ದು ಇಷ್ಟಲಿಂಗ ಪೂಜೆ ಮಾಡಿ, ಆಮೇಲೆ ಅಷ್ಟೇ ಭಕ್ತಿಯಿಂದ ಯೆಜ್ಡಿ ಒರೆಸುತ್ತಿದ್ದ. ಒರೆಸಿದ ಬಟ್ಟೆಯನ್ನು ಮಾತ್ರ ರುದ್ರಾಣಿ ಕಡ್ಡಿಯಲ್ಲಿ ಎತ್ತಿ ಹಿತ್ತಲಿಗೆ ಎಸೆಯುತ್ತಿದ್ದಳು.

ಇಬ್ಬರೂ ವಯಸ್ಸಾಗಿ ಕೆಲಸ ಬಿಟ್ಟ ಮೇಲೆ ಒಂದು ದಿನ ಪೆಟ್ರೋಲ್ ಬಂಕಿನಲ್ಲಿ ರಾಹುಲ್ ಎಂಬ ಮೈಸೂರಿನ ಹುಡುಗ ಗಂಗಾಧರಸ್ವಾಮಿಯನ್ನು ಹಿಡಿದ. ಹಳೇ ಬೈಕಿನವರದೇ ಒಂದು ಗುಂಪು ಕಟ್ಟಿದ್ದ. "ಅಂಕಲ್, ಒರಿಜಿನಲ್ ಪೇಂಟಾ? ಕಿಕ್ಕರ್ರೇ ಗೇರಾಗೋದು, ಅದೇ ಮಾಡೆಲ್ಲಾ?" ಅಂತ ಗಾಡಿಯ ಸುತ್ತ ಪ್ರದಕ್ಷಿಣೆ ಹಾಕಿದ. ಅವರೆಲ್ಲ ಧನುಷ್ಕೋಡಿಗೆ ಹೊರಟಿದ್ದರಂತೆ. ಚಾಮರಾಜನಗರ, ದಿಂಬಂ ಘಾಟು, ದಿಂಡಿಗಲ್, ರಾಮೇಶ್ವರ. "ಆಂಟೀನೂ ಬರ್ಲಿ ಅಂಕಲ್. ಮದ್ವೆ ಗಾಡಿ, ಮದ್ವೆ ಜೋಡಿ. ನಿಮ್ದೇ ಫಸ್ಟ್ ಬೈಕು, ನಾವೆಲ್ಲ ಹಿಂದೆ."

ಗಂಗಾಧರಸ್ವಾಮಿ ವಾರಗಟ್ಟಲೆ ಹೆಂಡತಿಯ ಹಿಂದೆ ಸುತ್ತಿದ. ಕೊನೆಗೊಂದು ಬೆಳಿಗ್ಗೆ ರುದ್ರಾಣಿ ಹುರುಳಿಕಾಳು ಆರಿಸುತ್ತ ತಲೆ ಎತ್ತದೆ ಹೇಳಿದಳು: "ಬತ್ತೀನಿ. ವಾಪಸ್ ಬಂದ ಮೇಲೆ ಆ ಗಾಡಿ ಸೋಸಲೆಗೆ ಹೋಗ್ಬೇಕು."

"ಸೋಸಲೇಲಿ ಯಾರು ಓಡುಸ್ತರೆ ಇದ್ನ?"

"ಯಾರೂ ಓಡುಸ್ಬೇಡಿ. ನಮ್ಮಪ್ಪನ ಗದ್ದೆ ಅದು. ತುಕ್ಕು ಹಿಡಿಯೋದಾದ್ರೆ ನಮ್ಮನೆ ಹಿತ್ಲಲ್ಲೇ ಹಿಡೀಲಿ."

ಅವನು ಎದ್ದು ಹೋಗಿ ಗಾಡಿಯನ್ನೊಮ್ಮೆ ಸವರಿ ಬಂದ. ನಂಜುಂಡೇಶ್ವರನ ಗೋಪುರದ ಕಡೆ ಕೈ ಎತ್ತಿ ಆಣೆ ಇಟ್ಟ. "ಆದ್ರೆ ದಾರೀಲಿ ಜನದ ಮುಂದೆ ಹಳೇದು ಎತ್ಬೇಡ ಕಣೆ" ಅಂತ ಅವನದೂ ಒಂದು ಷರತ್ತು. ಅವಳು ಒಪ್ಪಿದಳು. ಅಪ್ಪನಿಗಾಗಿ ಮುಚ್ಚಿಟ್ಟದ್ದು ಇಷ್ಟು ವರ್ಷ, ಇನ್ನು ನಾಲ್ಕು ದಿನ ಮುಚ್ಚಿಡುವುದು ಯಾವ ಲೆಕ್ಕ ಅಂದುಕೊಂಡಳು.

ಹೊರಟ ದಿನ ರಮ್ಯ ಕಳಿಸಿದ ಚೂಡಿದಾರ ತೊಟ್ಟು, ಮೊದಲ ಸಲ ಆ ಸೀಟಿನ ಮೇಲೆ ಕಾಲು ಹಾಕಿದಳು. ಗಂಡನ ಸೊಂಟ ಹಿಡಿಯಲಿಲ್ಲ, ಹಿಂದಿನ ಕಂಬಿ ಹಿಡಿದಳು. ಸಣ್ಣತಾಯಮ್ಮ ಬಾಗಿಲಲ್ಲಿ ಸೆರಗು ಬಾಯಿಗೆ ಒತ್ತಿಕೊಂಡು ನಿಂತಿದ್ದಳು.

ಗಂಗಾಧರಸ್ವಾಮಿಯ ಹಣೆಗೆ ವಿಭೂತಿ, ಕತ್ತಿಗೆ ತಲೆಬುರುಡೆ ಚಿತ್ರದ ಕರವಸ್ತ್ರ, ತಲೆಗೆ ಹಿಂದಿನ ದಿನ ಬಳಿದ ಕಪ್ಪು ಬಣ್ಣ. ಬಿಸಿಲೇರುತ್ತಿದ್ದಂತೆ ಹೆಲ್ಮೆಟ್ಟಿನ ಅಡಿಯಿಂದ ಬೆವರಿನೊಂದಿಗೆ ಆ ಬಣ್ಣ ಕರಿ ಗೆರೆಗಳಾಗಿ ಇಳಿದು ಕಾಲರಿಗೆ ಸೇರಿತು. ಧನುಷ್ಕೋಡಿಯ ತನಕ ರುದ್ರಾಣಿ ನೋಡಿದ ದೇಶ ಅಂದರೆ ಮುಖ್ಯವಾಗಿ ಅದೇ, ಗಂಡನ ಕತ್ತಿನ ಮೇಲೆ ಹರಿಯುವ ಆ ಕೊಳೆ. ಪಕ್ಕಕ್ಕೆ ತಿರುಗಿದರೆ ಹೊಗೆ. ಪೆಟ್ರೋಲಿಗೆ ಆಯಿಲ್ ಬೆರೆಸುವ ಡಬ್ಬ ಅವಳ ಮೊಣಕಾಲಿನ ಪಕ್ಕಕ್ಕೇ ಕಟ್ಟಿದ್ದರಿಂದ ಮಧ್ಯಾಹ್ನದೊಳಗೆ ಹೊಸ ಬಟ್ಟೆ ಜಿಡ್ಡುಜಿಡ್ಡಾಯಿತು. ಊಟಕ್ಕೆ ಕೂತರೆ ಅನ್ನದಲ್ಲೂ ಅದೇ ವಾಸನೆ.

ಇದನ್ನೆಲ್ಲ ಸೋಪು ಹಾಕಿ ತೊಳೆಯಬಹುದಿತ್ತು, ತೊಳೆಯಲಾಗದ್ದು ಮಾತು. ಚಾಮರಾಜನಗರದ ಹೋಟೆಲಿನಲ್ಲಿ ಇಡ್ಲಿ ತಿನ್ನುವಾಗ ರಾಹುಲ್ ಫೋನು ಹಿಡಿದು, "ಅಂಕಲ್, ಬೈಕಿನ ಸ್ಟೋರಿ ಹೇಳಿ" ಅಂದ. "ನಮ್ಮ ಮಾವ ಸಂತೋಷ್ವಾಗಿ ಕೊಟ್ಟಿದ್ದು" ಅಂದ ಗಂಗಾಧರಸ್ವಾಮಿ. ಅದು ತೌರಿನವರೇ ಕಲಿಸಿದ ಮಾತು. ರುದ್ರಾಣಿ ಇಡ್ಲಿ ನುಂಗಿದಳು.

ದಿಂಬಂ ಘಾಟಿನ ತಿರುವುಗಳನ್ನು ಇಳಿಯುವಾಗ ಬ್ರೇಕು ಸುಟ್ಟ ವಾಸನೆ ಬಂದು ಎಲ್ಲರೂ ನಿಲ್ಲಿಸಿದರು. ಗುಂಪಿನ ಹುಡುಗರು ಕೋತಿಗಳಿಗೆ ಚಿಪ್ಸಿನ ಪೊಟ್ಟಣ ಎಸೆದರು, ಅವು ಕಚ್ಚಾಡುವುದನ್ನು ವಿಡಿಯೋ ಮಾಡಿ ನಕ್ಕರು. ಒಬ್ಬ ಗುಟ್ಕಾ ಉಗಿದದ್ದು ರಸ್ತೆ ಬದಿಯ ದೇವರ ಕಲ್ಲಿನ ಮೇಲೇ ಬಿತ್ತು. "ಒರೆಸಪ್ಪ ಅದನ್ನ" ಅಂದಳು ರುದ್ರಾಣಿ. "ಮಳೆ ಬಂದ್ರೆ ಹೋಗತ್ತೆ ಆಂಟಿ" ಅಂದ ಅವನು. ಅವಳೇ ತನ್ನ ಬಾಟಲಿಯ ನೀರು ಹಾಕಿ ತೊಳೆದಳು. ಹಿಂದೆ ಗಂಡನ ಧ್ವನಿ ನಡೆದಿತ್ತು: "ಬ್ಯಾಡ ಬ್ಯಾಡ ಅಂದ್ರೂ ಕೇಳ್ನಿಲ್ಲ ನಮ್ಮ ಮಾವ. ಬಲವಂತ ಮಾಡಿ ಕೀ ಕೈಗಿಟ್ರು." ಬ್ಯಾಡ ಬ್ಯಾಡ ಅಂದನಂತೆ. ಅವಳು ಬಾಟಲಿಯಲ್ಲಿ ಉಳಿದ ನೀರನ್ನೂ ಕಲ್ಲಿನ ಮೇಲೇ ಸುರಿದಳು.

ದಿಂಡಿಗಲ್ಲಿನ ಲಾಡ್ಜಿನಲ್ಲಿ ಕಕ್ಕಸಿನ ಬಾಗಿಲು ತೆಗೆದವಳು ಹಾಗೇ ಮುಚ್ಚಿ, ಬೆಳಗಿನ ತನಕ ತಡೆದುಕೊಂಡಳು. ಗಂಡ ಮಂಚದ ಮೇಲೆ ಕೂತು ತನ್ನ ವಿಡಿಯೋ ತಾನೇ ನೋಡಿಕೊಳ್ಳುತ್ತಿದ್ದ. "ನೋಡೇ, ಎಷ್ಟ್ ಜನ ನೋಡವ್ರೆ. ಆದರ್ಶ ದಂಪತಿ ಅಂತ ಬರ್ದವ್ರೆ."

"ಬ್ಯಾಡ ಅಂದಿದ್ರಾ ನೀವು?"

"ಒಂದ್ ಮಾತು ಚೆಂದಕ್ಕೆ ಏಳ್ದಂಗೆ ಬುಡು."

"ಚೆಂದಕ್ಕೆ" ಅಂದಳು ಅವಳು. ಗೋಡೆಯ ಕಡೆ ತಿರುಗಿದರೆ ಅಲ್ಲೂ ಯಾರೋ ಎಲೆಅಡಿಕೆ ಉಗಿದಿದ್ದರು.

ಧನುಷ್ಕೋಡಿಯಲ್ಲಿ ಎರಡು ಕಡೆಯೂ ಸಮುದ್ರ, ನಡುವೆ ರಸ್ತೆ, ತುದಿಯಲ್ಲಿ ಜಾತ್ರೆಯಂಥ ಜನ. ಯೆಜ್ಡಿಗೆ ಹಾರ ಹಾಕಿದರು, ದಂಪತಿಗೆ ಹಾರ ಹಾಕಿದರು. ಗಂಗಾಧರಸ್ವಾಮಿ ಹೆಂಡತಿಯ ಹೆಗಲ ಮೇಲೆ ಕೈ ಹಾಕಿದ. ಮನೆಯಲ್ಲೂ ಹಾಗೆ ಹಾಕಿದವನಲ್ಲ. "ನಿಜ ಏಳ್ಬೇಕು ಅಂದ್ರೆ," ಅಂದ ಫೋನುಗಳ ಕಡೆ ನೋಡುತ್ತ, "ಇವ್ಳೇ ನಮ್ಮ ಮಾವನ್ನ ಕಾಡಿದ್ದು. ನಮ್ಮನೆಯವ್ರಿಗೆ ಎಜ್ಡೀನೇ ಕೊಡುಸ್ಬೇಕು ಅಂತ ಊಟ ಬುಟ್ಟು ಕೂತಿದ್ಲಂತೆ. ಅಪ್ಪ, ಮಗಳ ಹಟಕ್ಕೆ ಸೋತ್ರು."

ಎಲ್ಲರೂ ಚಪ್ಪಾಳೆ ತಟ್ಟಿದರು. ರಾಹುಲ್ ಫೋನು ಅವಳ ಮುಖಕ್ಕೆ ಹಿಡಿದ. "ಆಂಟಿ, ಹೌದಾ? ಏನ್ ಹೇಳ್ತೀರಾ?"

ರುದ್ರಾಣಿಗೆ ಸೋಸಲೆಯ ಹಿತ್ತಲಲ್ಲಿ ನಿಂತ ಗಾಡಿ ಕಣ್ಣ ಮುಂದೆ ಬಂತು. ಈಗ ಬಾಯಿ ಬಿಟ್ಟರೆ ಅದು ಸೋಸಲೆಗೆ ಹೋಗುವುದಿಲ್ಲ. "ಗಾಡಿ ಚೆನ್ನಾಗದೆ" ಅಂದಳು.

ಅಂದವಳಿಗೆ ಆಮೇಲೆ ಅಲ್ಲಿ ನಿಲ್ಲಲಾಗಲಿಲ್ಲ. ಮರಳಿನ ಮೇಲೆ ದೂರ ನಡೆದು, ಉಪ್ಪುನೀರನ್ನು ಬೊಗಸೆ ಬೊಗಸೆ ಬಾಯಿಗೆ ಹಾಕಿ ಮುಕ್ಕಳಿಸಿದಳು. ಇಷ್ಟು ವರ್ಷ ಗಾಡಿ ಕಂಡರೆ ಹೇಸಿಗೆ ಇತ್ತು, ಗಂಡನ ಆ ಸಂಜೆಯ ಮಾತು ನೆನೆದರೆ ಹೇಸಿಗೆ ಇತ್ತು. ಇವತ್ತು ತನ್ನ ನಾಲಿಗೆಯೇ ಹೇಸಿಗೆಯಾಯಿತು. ಕೂಲಿಗೆ ನೀರು ಕಟ್ಟಿದ ಅಪ್ಪನನ್ನು ಊಟ ಬಿಟ್ಟು ಕಾಡಿದ ಮಗಳಾಗಿ ಹಾರ ಹಾಕಿಸಿಕೊಂಡು ಬಂದಿದ್ದಳು. ರಾಮೇಶ್ವರದ ಗುಡಿಯ ತೀರ್ಥದ ಬಾವಿಗಳಲ್ಲಿ ಎಲ್ಲರೂ ಮಿಂದರು. ಅವಳೂ ಮಿಂದಳು. ಜಿಡ್ಡು ಹೋಯಿತು, ಅಷ್ಟೇ.

ಊರಿಗೆ ಬಂದ ಮೇಲೆ ಅವಳು ತಮ್ಮನಿಗೆ ಫೋನು ಮಾಡಿದಳು. "ಅದ್ ತಕ್ಕಂಡು ನಾನೇನ್ ಮಾಡ್ಲಕ್ಕ, ಪೆಟ್ರೋಲ್ ಕುಡಿಯೋ ಎಮ್ಮೆ" ಅಂತ ಗೊಣಗಿದರೂ, ಶಿವಸ್ವಾಮಿ ಮಾರನೇ ದಿನ ತರಕಾರಿ ಬಾಡಿಗೆ ಮುಗಿಸಿ ಗೂಡ್ಸ್ ಆಟೋ ತಂದು ಮನೆ ಮುಂದೆ ನಿಲ್ಲಿಸಿದ. ಕೈಯಲ್ಲಿ ಹಗ್ಗ. ಗಂಗಾಧರಸ್ವಾಮಿ ಯೆಜ್ಡಿಯ ಟ್ಯಾಂಕು ಒರೆಸುತ್ತಿದ್ದ.

"ಶಿವ, ಒಂದ್ ವರ್ಷ ತಡಿ ಕಣ್ಲಾ" ಅಂದ ತಲೆ ಎತ್ತದೆ. "ಮುಂದಿನ ಸಲ ಗೋವಾಕ್ಕೆ ಕರ್ದವ್ರೆ. ಇದ್ಕೀಗ ಒಂದು ಎಸ್ರು ಬಂದದೆ."

"ನಂಗೇನ್ ಬೇಕಾಗಿಲ್ಲ ಭಾವ. ಅಕ್ಕ ಏಳುದ್ಲು, ಬಂದೆ." ಶಿವಸ್ವಾಮಿ ಹಗ್ಗವನ್ನು ಹೆಗಲಿಗೆ ಹಾಕಿಕೊಂಡು, ಜೇಬಿನಿಂದ ಫೋನು ತೆಗೆದ. ಧನುಷ್ಕೋಡಿಯ ವಿಡಿಯೋ. ಅಕ್ಕನ ಮುಖ ನೋಡದೆ ಕೇಳಿದ: "ಒಂದ್ ಮಾತು ಕೇಳ್ತೀನಿ, ಬೇಜಾರ್ ಮಾಡ್ಕಬೇಡ. ಇದು ದಿಟ್ವಾ? ನೀನೇನಾ ಅಪ್ಪನ್ನ ಕಾಡಿದ್ದು? ಅವ್ವ ಕಣ್ಮುಚ್ಚೋಗಂಟ ಕಂಡೋರ ಗದ್ದೇಲಿ ಕಳೆ ಕಿತ್ಲು ಕಣಕ್ಕ."

ರುದ್ರಾಣಿ ಬಾಗಿಲ ಚೌಕಟ್ಟು ಹಿಡಿದುಕೊಂಡಳು. "ಹೇಳಿ ಅವ್ನಿಗೆ" ಅಂದಳು ಗಂಡನಿಗೆ. "ಯಾರು ಕೇಳಿದ್ದು?"

"ಅಯ್ಯೋ, ಅದು ಜನ ನೋಡ್ತರೆ ಅಂತ ಮಜಾಕ್ಕೆ ಏಳಿದ್ದು ಕಣೆ."

"ಮಜಾ ಸಾಕು. ಯಾರು ಕೇಳಿದ್ದು?"

ಗಂಗಾಧರಸ್ವಾಮಿ ಬಟ್ಟೆಯನ್ನು ಮಡಿಸಿದ, ಬಿಚ್ಚಿದ, ಮತ್ತೆ ಮಡಿಸಿದ. "ನಮ್ಮಪ್ಪ ಕೇಳಿದ್ದು" ಅಂದ.

ಸತ್ತು ಎಷ್ಟೋ ಕಾಲವಾದ ಮುದುಕನ ತಲೆಗೆ ಕಟ್ಟಿದ್ದನ್ನು ಕೇಳಿ ರುದ್ರಾಣಿ ಗಂಡನನ್ನು ಒಮ್ಮೆ ಅಡಿಯಿಂದ ಮುಡಿಯವರೆಗೆ ನೋಡಿದಳು. ಕಿವಿಯ ಹಿಂದೆ ಕರಿ ಬಣ್ಣ ಇನ್ನೂ ಅಂಟಿಕೊಂಡಿತ್ತು. "ಅವ್ರಪ್ಪ ಅಲ್ಲ ಕಣೋ ಶಿವ" ಅಂದಳು. "ಇವ್ರೇ. ಅರಿಶಿನ ಹಚ್ಚುಸ್ಕೊಂಡು ಕಿಟಕಿ ಪಕ್ಕ ಕೂತಿದ್ದೆ ನಾನು. ಎಜ್ಡಿ ಇಲ್ದಿದ್ರೆ ಬೇರೆ ಯಾರ್ಗಾದ್ರೂ ಕೊಟ್ಕಳಿ ಅಂದ್ರು ಇವ್ರು. ಅಪ್ಪ ಮುಚ್ಚಿಡು ಅಂದ, ಮುಚ್ಚಿಟ್ಟೆ. ಮುಚ್ಚಿಟ್ಟಿದ್ದು ಕೊಳ್ತು ಇವತ್ತು ನನ್ ಬಾಯಿಗೇ ಬಂತು."

ಶಿವಸ್ವಾಮಿ ಫೋನನ್ನು ಆರಿಸಿ ಜೇಬಿಗಿಟ್ಟ.

"ನಲ್ವತ್ ವರ್ಸ ಇದೇ ಮನೇಲಿ ಉಂಡ್ಕಂಡು ಇದ್ದು, ಈಗ ಬೀದೀಲಿ ಮಾನ ಕಳೀತಿಯಾ?" ಅಂದ ಗಂಗಾಧರಸ್ವಾಮಿ. ಕೈ ಯೆಜ್ಡಿಯ ಹ್ಯಾಂಡಲ್ ಮೇಲೆ ಭದ್ರವಾಗಿತ್ತು.

"ಇಟ್ಕಳಿ" ಅಂದಳು ರುದ್ರಾಣಿ. "ಗಾಡಿ ನೀವೇ ಇಟ್ಕಳಿ."

ಒಳಗೆ ಹೋದಳು. ಸೀರೆಗಳನ್ನು, ಕನ್ನಡಕವನ್ನು, ಮಾತ್ರೆಗಳನ್ನು, ಗೋಡೆಯಲ್ಲಿದ್ದ ಅಪ್ಪ ಅವ್ವನ ಫೋಟೋವನ್ನು ಬ್ಯಾಗಿಗೆ ಹಾಕಿದಳು. ಚೂಡಿದಾರವನ್ನು ಅಲ್ಲೇ ಬಿಟ್ಟಳು. ಒಲೆಯ ಮೇಲೆ ಸಾರು ಕುದಿಯುತ್ತಿತ್ತು, ಆರಿಸಿ ತಟ್ಟೆ ಮುಚ್ಚಿದಳು. ಹೊರಗೆ ಬಂದಾಗ ಸಣ್ಣತಾಯಮ್ಮ ಜಗುಲಿಯಿಂದ ಇಳಿದು ನಡುಬೀದಿಗೆ ಬಂದಿದ್ದಳು.

"ಯಾಕವ್ವ, ತಮ್ಮನ ಮನೇಲಿ ಏನಾರ ಇಸೇಸವಾ?"

"ಇಲ್ಲ ಕಣಕ್ಕ."

"ಯಾವತ್ತು ಬರೋದು ಮತ್ತೆ?"

"ಬರೋದಿಲ್ಲ" ಅಂದಳು ರುದ್ರಾಣಿ.

"ಊಟದೊತ್ಗೆ ಬತ್ತಳೆ ಬುಡಿ" ಅಂದ ಹಿಂದಿನಿಂದ ಗಂಗಾಧರಸ್ವಾಮಿ, ನಗುವ ಹಾಗೆ ಮಾಡಿ.

ಅವಳು ತಿರುಗಿ ನೋಡಲಿಲ್ಲ. ಶಿವಸ್ವಾಮಿ ಹಗ್ಗವನ್ನು ಸುತ್ತಿ ಹಿಂದಿನ ಡಬ್ಬಕ್ಕೆ ಎಸೆದು, ಮುಂದಿನ ಸೀಟಿನ ಮೇಲಿದ್ದ ಕೊತ್ತಂಬರಿ ಕಡ್ಡಿಗಳನ್ನು ಕೈಯಲ್ಲೇ ಬಳಿದು ಜಾಗ ಮಾಡಿದ. ರುದ್ರಾಣಿ ಹತ್ತಿ, ಬ್ಯಾಗನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಳು. ಆಟೋ ನರಸೀಪುರದ ರಸ್ತೆಯ ಕಡೆ ತಿರುಗಿತು.