ಕರಿಹಲಗೆಯ ನಲವತ್ತೊಂದು ಗೀಟು

ಮಡಗಾಸ್ಕರಿನ ಅಂಬಟುಮೇನ ಊರಿನ ಶಾಲೆಯಲ್ಲಿ ರಝನಮಿಹಾಜ ಇಪ್ಪತ್ತೆರಡು ವರ್ಷ ಪಾಠ ಹೇಳಿದವಳು. 2001ರ ಡಿಸೆಂಬರಿನ ಅಧ್ಯಕ್ಷರ ಚುನಾವಣೆಯಲ್ಲಿ ಮತಗಟ್ಟೆಯ ಉಸ್ತುವಾರಿಯೂ ಅವಳದೇ. ಇಡೀ ಊರು ನೋಡುತ್ತಿದ್ದಂತೆ ಒಂದೊಂದೇ ಚೀಟಿ ಬಿಚ್ಚಿ ಓದಿ, ಕರಿಹಲಗೆಯ ಮೇಲೆ ಗೀಟು ಎಳೆದಳು. ಹೊಸಬನಿಗೆ ಮುನ್ನೂರ ಹನ್ನೆರಡು, ಹಳೆಯ ಅಧ್ಯಕ್ಷನಿಗೆ ನಲವತ್ತೊಂದು.

ವಾರ ಕಳೆದು ಜಿಲ್ಲಾ ಕಚೇರಿಯ ಪಟ್ಟಿ ಬಂದಾಗ ಅಂಕಿಗಳು ಅದಲುಬದಲಾಗಿದ್ದವು. ಎಣಿಕೆಯಲ್ಲಿ ಮೋಸವಾಗಿದೆಯೆಂದು ರಾಜಧಾನಿಯ ಜನ ಬೀದಿಗಿಳಿದರು. ನೋಡನೋಡುತ್ತ ಹೊಸಬ ತಾನೇ ಗೆದ್ದವನೆಂದು ಸಾರಿಕೊಂಡ; ಒಂದೇ ದೇಶಕ್ಕೆ ಇಬ್ಬರು ಅಧ್ಯಕ್ಷರಾದರು. ಹಳೆಯವನ ಕಡೆಯವರು ಸೇತುವೆ ಒಡೆದರು, ರಸ್ತೆಗಳಿಗೆ ಅಡ್ಡಗಟ್ಟಿದರು; ಊರಿಗೆ ಉಪ್ಪೂ ಬರದಂತಾಯಿತು. ರಝನಮಿಹಾಜ ಮಾತ್ರ ಹಲಗೆ ಒರೆಸಲಿಲ್ಲ. ಬಲಗಡೆ ಉಳಿದ ಮೊಳದಗಲ ಜಾಗದಲ್ಲೇ ಭಾಗಾಕಾರ ಕಲಿಸಿದಳು.

"ಒರಸ್ಬಿಡೆ ಮಾರಾಯ್ತಿ. ನಮಗ್ಯಾಕೆ ಊರ ಉಸಾಬರಿ?" ಎಂದ ಗಂಡ ರಲೈವಾವು.

"ನೀನು ಅನ್ನ ತಿನ್ನು," ಎಂದಳು.

ಮಾರ್ಚಿನಲ್ಲಿ ಜಿಲ್ಲಾ ಕಚೇರಿಯ ಅಧಿಕಾರಿಯೊಬ್ಬ ಇಬ್ಬರು ಪೊಲೀಸರೊಂದಿಗೆ ತರಗತಿಗೇ ಬಂದ.

"ಏನು ಟೀಚರಮ್ಮ, ಮೂರು ತಿಂಗಳಾದ್ರೂ ಹಲಗೆ ಒರಸೋಕೆ ಬಿಡುವಾಗಲಿಲ್ವಾ?"

"ಲೆಕ್ಕ ತಪ್ಪಾಗಿದ್ರೆ ಒರಸ್ತೀನಿ. ತಪ್ಪೆಲ್ಲಿದೆ ತೋರಿಸಿ. ಸೀಮೆಸುಣ್ಣ ಕೊಡ್ಲಾ?"

ಮಕ್ಕಳು ಕಿಸಕ್ಕನೆ ನಕ್ಕರು. ಅಧಿಕಾರಿಯ ಮುಖ ಕೆಂಪೇರಿತು.

"ಕೆಲಸ ಹೋಗತ್ತೆ, ನೆನಪಿರಲಿ."

"ಕೆಲಸ ಹೋದ್ರೆ ಎಣಿಸೋದು ಮರೆತುಹೋಗಲ್ಲ."

ಅವನ ಸನ್ನೆಗೆ ಒಬ್ಬ ಪೊಲೀಸ್ ಒದ್ದೆ ಬಟ್ಟೆ ಕೈಗೆತ್ತಿಕೊಂಡ. ಅಷ್ಟರಲ್ಲಿ ಬಾಗಿಲ ಬಳಿ ಸೇರಿದ್ದ ಜನರನ್ನು ಸರಿಸಿಕೊಂಡು ರಲೈವಾವು ಒಳಬಂದ. ಮೊಣಕಾಲವರೆಗೂ ಗದ್ದೆಯ ಕೆಸರು. ಅವನು ಹಳೆಯ ಅಧ್ಯಕ್ಷನ ಕಡೆಯವನೆಂಬುದು ಊರಿಗೆಲ್ಲ ಗೊತ್ತಿತ್ತು.

"ಬನ್ನಿ ಬನ್ನಿ. ನಿಮ್ಮ ಹೆಂಡತಿಗೆ ನೀವೇ ಬುದ್ಧಿ ಹೇಳಿ," ಎಂದ ಅಧಿಕಾರಿ.

ರಲೈವಾವು ಹಲಗೆಯ ಮುಂದೆ ನಿಂತ. "ನಾನು ನಿಮ್ಮ ಧಣಿಗೇ ವೋಟು ಹಾಕಿದ್ದು. ಈ ನಲವತ್ತೊಂದರಲ್ಲಿ ಒಂದು ಗೀಟು ನಂದು. ನಿಮ್ಮ ಪಟ್ಟೀಲಿರೋದು ನೀವು ಬರ್ಕೊಂಡಿದ್ದು, ಅದರಲ್ಲಿ ನಾನಿಲ್ಲ. ಬಟ್ಟೆ ಕೆಳಗಿಡಪ್ಪ."

ಪೊಲೀಸ್ ಬಟ್ಟೆಯನ್ನು ಮೇಜಿನ ಮೇಲಿಟ್ಟ.

ಹದಿನೈದು ದಿನಕ್ಕೆ ವಜಾ ಆದೇಶ ಬಂತು. ಅದನ್ನು ಮಡಿಸಿ ಅಲುಗಾಡುತ್ತಿದ್ದ ಬೆಂಚಿನ ಕಾಲಿಗೆ ಒತ್ತು ಕೊಟ್ಟು, ಮರುದಿನವೂ ಗಂಟೆ ಬಾರಿಸಿದಳು. ಊರವರು ಸರದಿಯಲ್ಲಿ ಅಕ್ಕಿ, ಸೊಪ್ಪು ತಂದುಕೊಟ್ಟರು.

ಜುಲೈಯಲ್ಲಿ ಹಳೆಯ ಅಧ್ಯಕ್ಷ ವಿಮಾನ ಹತ್ತಿ ದೇಶ ಬಿಟ್ಟ; ಸರ್ಕಾರ ಬಿತ್ತು. ಹೊಸಬನ ಕಡೆಯವರು ಡೋಲು ಬಡಿಯುತ್ತ ಶಾಲೆಗೆ ಬಂದರು.

"ಟೀಚರಮ್ಮ, ಆ ನಲವತ್ತೊಂದನ್ನ ಇನ್ನೂ ಯಾಕೆ ಇಟ್ಕೊಂಡಿದ್ದೀರಿ? ಒರಸ್ತೀವಿ, ಸರೀರಿ."

ಅವಳು ಹೊಸ್ತಿಲಿಗೆ ಅಡ್ಡ ನಿಂತಳು.

"ಅವೂ ಈ ಊರಿನವೇ. ಕುಣಿಯೋದಿದ್ರೆ ಅಂಗಳದಲ್ಲಿ ಕುಣೀರಿ, ಒಳಗೆ ಪಾಠ ನಡೀತಿದೆ."

ಸೆಪ್ಟೆಂಬರಿನಲ್ಲಿ ಮರುನೇಮಕದ ಆದೇಶ ಬಂತು. ಅದರಲ್ಲಿ ಅವಳ ಹೆಸರೇ ತಪ್ಪಾಗಿತ್ತು. ಕೆಂಪು ಶಾಯಿಯಲ್ಲಿ ತಿದ್ದಿ, 'ಇನ್ನೊಮ್ಮೆ ಬರೆಯಿರಿ' ಎಂದು ಸೇರಿಸಿ ಹಿಂದಕ್ಕೆ ಕಳಿಸಿದಳು.